ಮೂರನೇ ಸಲ ಕೂಗದ ಮಾವ

ಆ ಭಾನುವಾರ ಬೆಳಿಗ್ಗೆ ನಾನು ಒಂದು ಘನಘೋರ ಪ್ರತಿಜ್ಞೆ ಮಾಡಿಬಿಟ್ಟೆ. ಕಾರಿಗೆ ಆಂಪ್ಲಿಫೈಯರನ್ನು ನಾನೇ ಕೂರಿಸುತ್ತೇನೆ! ಮೆಕ್ಯಾನಿಕ್ ಬೇಡ, ಎಲೆಕ್ಟ್ರಿಷಿಯನ್ ಬೇಡ, ಯಾರ ಹಂಗೂ ಬೇಡ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಹದಿನೇಳು ವರ್ಷ ಕುರ್ಚಿ ಸವೆಸಿ, ಊರಿನ ಸಕಲ ನಲ್ಲಿಗಳ ಸುಖದುಃಖ ವಿಚಾರಿಸಿದವನು ನಾನು. ಎರಡು ವೈರು ಸೇರಿಸುವುದು ಯಾವ ಮಹಾ ವಿದ್ಯೆ!

"ರೀ, ಹೋದ ವರ್ಷ ಕಾಲಿಂಗ್ ಬೆಲ್ ಹಾಕಿದ್ರಲ್ಲ, ನೆನಪಿದ್ಯಾ?" ಎಂದಳು ಹೆಂಡತಿ.

"ಯಾಕೆ? ಚೆನ್ನಾಗೇ ಹೊಡ್ಕೊಳ್ತಾ ಇದೆಯಲ್ಲ!"

"ಹೊಡ್ಕೊಳ್ತಾ ಇದೆ. ಯಾರೂ ಬರದಿದ್ರೂ ಹೊಡ್ಕೊಳ್ತಾ ಇದೆ. ಅದೇ ತೊಂದರೆ."

ನನ್ನ ಹೆಂಡತಿಗೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಊರವರ ಹಲ್ಲು ಉಜ್ಜಿ ನುಣುಪು ಮಾಡುತ್ತಾಳೆ. ಮನೆಗೆ ಬಂದ ಮೇಲೆ ಕಚ್ಚುವ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಾಳೆ. ನಾನು ಸ್ಕ್ರೂಡ್ರೈವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದಂಡಯಾತ್ರೆಗೆ ಹೊರಟೆ.

ಇಲ್ಲಿ ಕಾರಿನ ಕತೆ ಸ್ವಲ್ಪ ಹೇಳಬೇಕು. ಅದು ನನ್ನ ಮಾವನದು, ಅಂದರೆ ಹೆಂಡತಿಯ ಅಪ್ಪನದು. ಅವರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಹರಾಜು ಕೂಗುವುದು ಅವರ ಕಸುಬು. ಮುಚ್ಚಿಹೋದ ಕಾರ್ಖಾನೆಯ ಯಂತ್ರ, ಹಳೇ ಬೀರು, ವಾರಸುದಾರರಿಲ್ಲದ ಪೆಟ್ಟಿಗೆ, ಮುಂದೆ ಏನೇ ಇರಲಿ, ಅವರು "ಒಂದು ಸಲ... ಎರಡು ಸಲ..." ಎಂದು ಕೂಗಿದರೆ ಕೊನೇ ಸಾಲಿನಲ್ಲಿ ತೂಕಡಿಸುತ್ತಿದ್ದವನೂ ಕೈ ಎತ್ತಿಬಿಡುತ್ತಿದ್ದ. ಅಂಥ ದನಿ! ಆದರೆ ಅವರು ಹೋದ ಮೇಲೆ ಹುಡುಕಿದರೆ ಆ ದನಿ ಎಲ್ಲೂ ಇಲ್ಲ. ಫೋಟೋಗಳಿದ್ದವು, ಕೋಟಿತ್ತು, ಮೇಜಿಗೆ ಕುಟ್ಟುವ ಮರದ ಸುತ್ತಿಗೆಯಿತ್ತು. ಯಾರ ಫೋನಿನಲ್ಲೂ ಅವರ ಒಂದು ಮಾತೂ ಉಳಿದಿರಲಿಲ್ಲ.

ಅತ್ತೆ ನಮ್ಮ ಜೊತೆ ಇರಲು ಬಂದ ದಿನ ಒಂದೇ ಮಾತು ಹೇಳಿದ್ದರು. "ಮುಖ ಕಣ್ಣಿಗೆ ಕಟ್ಟಿದ ಹಾಗಿದೆ. ದನಿ ಮಾತ್ರ ಮರೀತಾ ಇದೆ." ಆಮೇಲೆ ಆ ಸುದ್ದಿ ಎತ್ತಲಿಲ್ಲ. ಕಾರಿನಲ್ಲಿ ಮಾತ್ರ ಕೂರುತ್ತಿರಲಿಲ್ಲ. ಅವರ ಪಾಲಿಗೆ ಅದು ಮಾತು ನಿಂತುಹೋದ ಕಾರು. ಅದರಲ್ಲಿ ಹಾಡೋ ರೇಡಿಯೋವೋ ಮೊಳಗಿದರೆ ಒಂದು ಸುತ್ತು ಬರಬಹುದೇನೋ ಎಂಬುದು ನನ್ನ ದೂರದ ಲೆಕ್ಕಾಚಾರ. ಅಳಿಯನಾದವನಿಗೆ ಒಂದಿಷ್ಟು ಹೆಸರು ಬರಲಿ ಎಂಬುದು ಹತ್ತಿರದ ಲೆಕ್ಕಾಚಾರ!

ಕಾರಿನಲ್ಲಿದ್ದ ಟೇಪ್ ಪ್ಲೇಯರಿನ ಸ್ವಂತ ಗಂಟಲು ಎಂದೋ ಕಟ್ಟಿಹೋಗಿತ್ತು. ಅದರ ಬಾಯಲ್ಲಿ ಯಾವುದೋ ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡು ಹತ್ತು ಹನ್ನೆರಡು ವರ್ಷದಿಂದ ಹೊರಗೆ ಬಂದಿರಲಿಲ್ಲ. ವಾಲ್ಯೂಮಿನ ತಿರುಗಣೆ ಜೋರಿನ ತುದಿಯಲ್ಲೇ ಕಚ್ಚಿಕೊಂಡಿತ್ತು. ಆದರೂ ಹೊರಗಿನಿಂದ ಒಂದು ಆಂಪ್ಲಿಫೈಯರ್, ಎರಡು ಸ್ಪೀಕರು ಕೊಟ್ಟರೆ ಮುದುಕ ಮತ್ತೆ ಮಾತಾಡುತ್ತಾನೆ ಎಂದು ನಾನು ಎಲ್ಲೋ ಓದಿದ್ದೆ.

ಆಂಪ್ಲಿಫೈಯರಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಿಕೆಯಿತ್ತು. ಬ್ಯಾಟರಿಯಿಂದ ಕಿರುಬೆರಳಿನ ದಪ್ಪದ ತಾಮ್ರದ ವೈರು ಎಳೆಯಬೇಕೆಂದು ಅದರ ಅಪ್ಪಣೆ. ಕಿರುಬೆರಳೇ! ಕಾರಿಗೆ ಹಾಡು ಕೇಳಿಸಬೇಕೋ, ಕಾರನ್ನೇ ಎಳೆದುಕೊಂಡು ಹೋಗಬೇಕೋ? ಕಾಲಿಂಗ್ ಬೆಲ್ಲಿಗೆ ತಂದದ್ದರಲ್ಲಿ ಉಳಿದ ವೈರು ಮನೆಯಲ್ಲೇ ಬಿದ್ದಿತ್ತು. ಅದೂ ತಾಮ್ರ, ಇದೂ ತಾಮ್ರ. ಎಳೆದೆ. ಪ್ಲೇಯರಿಗೂ ಅದರಿಂದಲೇ ಒಂದು ಕವಲು ಕೊಟ್ಟು ಮಿತವ್ಯಯ ಸಾಧಿಸಿದೆ. ಅರ್ತಿಂಗ್ ವೈರನ್ನು ಸೀಟಿನ ಕೆಳಗೆ ಬಣ್ಣ ಬಳಿದ ಒಂದು ಬೋಲ್ಟಿಗೆ ಸುತ್ತಿದೆ. ಸ್ಪೀಕರುಗಳಿಗೆ ಹಿಂದಿನ ಸೀಟಿನ ಬೆನ್ನ ಹಿಂದೆ ಜಾಗ ಕೊಟ್ಟೆ. ಆಂಪ್ಲಿಫೈಯರನ್ನು ಮುಂದಿನ ಸೀಟಿನ ಅಡಿಯಲ್ಲಿ ಕೂರಿಸಿ ನಾಲ್ಕು ಸ್ಕ್ರೂಗಳನ್ನು ಎಷ್ಟು ಬಿಗಿದೆನೆಂದರೆ ಅವುಗಳ ತಲೆ ಸವೆದು ನುಣ್ಣಗಾಯಿತು. ಸದ್ದು ಹೆಚ್ಚುಕಡಿಮೆ ಮಾಡುವ ಗುಂಡಿಗಳು ನೆಲದ ಕಡೆ ಮುಖ ಮಾಡಿವೆ ಎಂಬುದು ಆಗ ಗೊತ್ತಾಯಿತು. ಗುಂಡಿಗಳಿರುವುದಾದರೂ ಯಾಕೆ? ಜೋರಾಗಿರಲಿ ಎಂದು ಮೊದಲೇ ತುದಿಗೆ ತಿರುಗಿಸಿದ್ದೆನಲ್ಲ!

ಸಂಜೆ ನಾಲ್ಕೂವರೆ. ಶೆಡ್ಡಿನ ಶಟರು ಅರ್ಧ ಇಳಿದಿತ್ತು. ಒಳಗೆ ಮಬ್ಬು, ಕಾರಿನ ಮಾಡಿಗಿದ್ದ ಪುಟ್ಟ ದೀಪ ಬಿಟ್ಟರೆ ಬೇರೆ ಬೆಳಕಿಲ್ಲ. ನಾನು ಸೊಂಟದವರೆಗೆ ಸೀಟಿನ ಅಡಿಯಲ್ಲಿ ತೂರಿಕೊಂಡು ಕೊನೆಯ ವೈರು ಸಿಕ್ಕಿಸಿದೆ. ಆಂಪ್ಲಿಫೈಯರಿನ ಹಸಿರು ದೀಪ ಹೊತ್ತಿತು. ಸ್ಪೀಕರಿನಲ್ಲಿ ಸುಯ್ಯೆಂದು ಗಾಳಿಯಾಡಿದ ಸದ್ದು.

ಆಮೇಲೆ ಹಿಂದಿನ ಸೀಟಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

ಆ ಕೆಮ್ಮು ನನಗೆ ಗೊತ್ತು. ನನ್ನ ಮದುವೆ ನಿಶ್ಚಯಿಸುವ ದಿನ, ನನ್ನನ್ನು ಮೇಲಿಂದ ಕೆಳಗೆ ನೋಡಿ ಕೆಮ್ಮಿದ ಕೆಮ್ಮು ಅದು!

"ಎಲ್ಲರೂ ಬಂದ್ರಾ?" ಎಂದಿತು ಮಾವನ ದನಿ, ನನ್ನ ಬೆನ್ನ ಹಿಂದೆಯೇ. "ಹಿಂದೆ ನಿಂತಿರೋರು ಮುಂದೆ ಬನ್ನಿ. ಇನ್ನೂ ಮುಂದೆ ಬನ್ನಿ. ಶುರು ಮಾಡೋಣ."

ನಾನು ಮುಂದೆ ಹೋಗಲಿಲ್ಲ. ಸೀಟಿನ ಕಬ್ಬಿಣಕ್ಕೆ ತಲೆ ಚಚ್ಚಿಕೊಂಡು, ಒಂದು ಚಪ್ಪಲಿ ಅಲ್ಲೇ ಬಿಟ್ಟು, ಹಿಂದೆ ಹಿಂದೆಯೇ ಸರಿದು ಅಡುಗೆಮನೆ ಸೇರಿದೆ.

"ಏನ್ರೀ? ಮುಖ ಯಾಕೆ ಸುಣ್ಣ ಬಳಿದ ಹಾಗಿದೆ?"

"ಮಾವ... ನಿಮ್ಮಪ್ಪ... ಕಾರಲ್ಲಿದ್ದಾರೆ!"

"ಹೌದಾ? ಒಬ್ಬರನ್ನೇ ಬಿಟ್ಟು ಬಂದ್ರಾ?"

ತಮಾಷೆ ಮಾಡುತ್ತಲೇ ಶೆಡ್ಡಿಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಒದ್ದೆ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಅವಳಪ್ಪ ಒಂದು ಹಳೇ ಕೊಡೆಯನ್ನು ಹರಾಜು ಹಾಕುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವಳು ಪಿಸುದನಿಯಲ್ಲಿ ಹೇಳಿದಳು, "ಕ್ಯಾಸೆಟ್ಟು ರೀ. ಅದರೊಳಗಿದ್ದ ಕ್ಯಾಸೆಟ್ಟು. ಅಪ್ಪ ಮಧ್ಯಾಹ್ನ ಊಟದ ಬಿಡುವಲ್ಲಿ ಕಾರಲ್ಲಿ ಕೂತು ಅಭ್ಯಾಸ ಮಾಡ್ತಿದ್ರು. ಪುಟ್ಟ ರೆಕಾರ್ಡರಲ್ಲಿ ಹಿಡಿದು ಆಮೇಲೆ ಕ್ಯಾಸೆಟ್ಟು ಇದಕ್ಕೆ ಹಾಕಿ ಕೇಳ್ತಿದ್ರು."

ಬುದ್ಧಿಗೆ ಸಮಾಧಾನವಾಯಿತು. ಕಣ್ಣಿಗೆ ಆಗಲಿಲ್ಲ. ಏಕೆಂದರೆ ಮಾಡಿನ ದೀಪ ಮಾವನ ಒಂದೊಂದು ಮಾತಿಗೂ ಕುಗ್ಗುತ್ತಿತ್ತು, ಮಾತು ನಿಂತರೆ ಹಿಗ್ಗುತ್ತಿತ್ತು. ಕಾರು ಉಸಿರಾಡುತ್ತಿತ್ತು!

ಅಷ್ಟರಲ್ಲಿ ಅತ್ತೆ ಬಂದರು. ಯಾರೂ ಕರೆದಿರಲಿಲ್ಲ. ನಮ್ಮಿಬ್ಬರ ನಡುವೆ ದಾರಿ ಮಾಡಿಕೊಂಡು ಹೋಗಿ, ಒಂದೂವರೆ ವರ್ಷದಿಂದ ಮುಟ್ಟದಿದ್ದ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಕೂತು, ಸೆರಗನ್ನು ಮಡಿಲಿಗೆ ಎಳೆದುಕೊಂಡರು. ಕೊಡೆ ನಾಲ್ಕು ಲೋಟ ಚಹಾಕ್ಕೆ ಹೋಯಿತು. ಅಭ್ಯಾಸದ ಹರಾಜಿನಲ್ಲಿ ಮಾವ ಚಹಾದ ಲೆಕ್ಕದಲ್ಲೇ ಕೂಗುತ್ತಿದ್ದರಂತೆ. ಹೊಲಿಗೆ ಯಂತ್ರ ಏಳು ಲೋಟಕ್ಕೆ ಹೋಯಿತು. ಆಮೇಲೆ ದನಿ ಗಂಭೀರವಾಯಿತು.

"ಈಗ ಇವತ್ತಿನ ಕೊನೇ ಸಾಮಾನು. ನಮ್ಮ ಮನೆ ಅಳಿಯ!"

ನಾನು ಕಾರಿನ ಕಡೆ ಒಂದು ಹೆಜ್ಜೆ ಇಟ್ಟೆ.

"ನೋಡೋಕೆ ಗಟ್ಟಿಮುಟ್ಟಾಗಿದೆ. ಒಬ್ಬಳೇ ಯಜಮಾನಿ ಬಳಸಿದ್ದು. ಇದ್ದ ಹಾಗೇ ಮಾರಾಟ, ಆಮೇಲೆ ತಕರಾರು ನಡೆಯಲ್ಲ. ಕೂಗಿ ಸ್ವಾಮಿ, ಕೂಗಿ! ಒಂದು ಲೋಟ... ಎರಡು... ಯಾರಪ್ಪಾ ಹೆಚ್ಚಿಗೆ ಕೂಗೋರು? ಎರಡೂವರೆ! ಎರಡೂವರೆ ಲೋಟ ಚಹಾ ಒಂದು ಸಲ..." ಟಕ್ಕೆಂದು ಸುತ್ತಿಗೆ ಬಿತ್ತು. ದೀಪ ಕುಗ್ಗಿತು. "ಎರಡು ಸಲ..." ಇನ್ನೂ ಜೋರಾಗಿ ಬಿತ್ತು. ದೀಪ ಕೆಂಪಗೆ ಕೆಂಡದಷ್ಟಾಯಿತು.

ಮೂರನೇ ಸಲ ಬರಲೇ ಇಲ್ಲ. ಆಂಪ್ಲಿಫೈಯರಿನ ಹಸಿರು ದೀಪ ಆರಿ ಕೆಂಪು ಹೊತ್ತಿಕೊಂಡಿತು. ಆಮೇಲೆ ಪ್ಲೇಯರಿನ ಹೊಟ್ಟೆಯೊಳಗೆ ಏನೋ ಕಟಕ್ಕೆಂದು, ಟೇಪು ತನ್ನಷ್ಟಕ್ಕೆ ತಾನೇ ಹಿಂದಕ್ಕೆ ಸುತ್ತಿಕೊಳ್ಳತೊಡಗಿತು. ಕರೆಂಟು ತಪ್ಪಿ ಬಂದರೆ ಮೊದಲಿಗೆ ಹೋಗಿ ನಿಲ್ಲುವುದು ಆ ಹಳೇ ಯಂತ್ರದ ಚಾಳಿ. ಮುಂದಕ್ಕೆ ಓಡಿಸುವ ಗುಂಡಿ ಎಂದೋ ಒಳಗೆ ಬಿದ್ದುಹೋಗಿತ್ತು.

"ಇನ್ನೂ ಮುಗಿದಿಲ್ಲ," ಎಂದರು ಅತ್ತೆ. ಎದ್ದು ಒಳಗೆ ಹೋದರು.

ಆ ರಾತ್ರಿ ಹೆಂಡತಿಗೆ ಅಳು, ನಗು ಎರಡೂ ಬರುತ್ತಿತ್ತು. ನನಗೆ ಸಿಟ್ಟು ಮಾತ್ರ. ಬಟ್ಟೆ ಹರಿದ ಕೊಡೆಗೆ ನಾಲ್ಕು ಲೋಟ, ನನಗೆ ಎರಡೂವರೆ! ಅದನ್ನೂ ಯಾರು ಕೂಗಿದರೋ, ಯಾರಿಗೆ ಹೋಯಿತೋ, ಹೋಯಿತೋ ಇಲ್ಲವೋ! ಹದಿಮೂರು ವರ್ಷ ಅಳಿಯನಾಗಿದ್ದೂ ಅವರಿಗೆ ನನ್ನ ಮೇಲೆ ಎಂಥ ಅಭಿಪ್ರಾಯವಿತ್ತೆಂದು ನನಗೆ ಗೊತ್ತಾಗಿರಲಿಲ್ಲ. ಅದು ಆ ಕ್ಯಾಸೆಟ್ಟಿನ ಮುಂದಿನ ಅರ್ಧ ನಿಮಿಷದಲ್ಲಿದೆ ಎಂದು ಖಾತ್ರಿಯಾಗಿತ್ತು.

ಸೋಮವಾರ ಸಂಜೆ ಅತ್ತೆ ತಾವೇ ಹೋಗಿ ಕಾರಿನಲ್ಲಿ ಕೂತರು. ಕೊಡೆ, ಹೊಲಿಗೆ ಯಂತ್ರ, ಅಳಿಯ. ಒಂದು ಸಲ, ಎರಡು ಸಲ. ಕೆಂಪು ದೀಪ. ಅದೇ ಜಾಗದಲ್ಲಿ, ಕೂದಲೆಳೆಯಷ್ಟೂ ಆಚೀಚೆಯಿಲ್ಲ!

ಮಂಗಳವಾರ ಎರಡನೇ ಸಲವೂ ಇಲ್ಲ. "ಒಂದು ಸಲ" ಎಂದು ಸುತ್ತಿಗೆ ಬಿದ್ದದ್ದೇ ತಡ, ಮೌನ.

"ಎಂಜಿನ್ ಚಾಲೂ ಮಾಡಿ ನೋಡಿ," ಎಂದಳು ಹೆಂಡತಿ ಬುಧವಾರ. ಮಾಡಿದೆ. ಆಹಾ! ಸ್ಪೀಕರುಗಳಿಂದ ಸಣ್ಣಗೆ ಒಂದು ನರಳಾಟ ಎದ್ದಿತು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರಿ ಏರಿ, ಎಲ್ಲೋ ಗೋಡೆಯಾಚೆ ಯಾರೋ ಬಾಯಿಗೆ ಬಟ್ಟೆ ಕಚ್ಚಿ ಅಳುವ ಹಾಗೆ ಕೇಳಿಸಿತು. ಕಾಲು ತೆಗೆದರೆ ಬಿಕ್ಕಿ ಬಿಕ್ಕಿ ಇಳಿಯಿತು.

"ನಿಲ್ಲಿಸಿ ಅಳಿಯಂದ್ರೇ," ಎಂದರು ಅತ್ತೆ. "ಅವರು ಬದುಕಿದ್ದಾಗ ಒಂದು ದಿನ ಅತ್ತವರಲ್ಲ. ಈಗ ಅಳಿಸಬೇಡಿ."

ಎಂಜಿನ್ ಆಫ್ ಮಾಡಿದೆ. ಮತ್ತೆ ಅದನ್ನು ಮುಟ್ಟುವ ಧೈರ್ಯವಾಗಲಿಲ್ಲ.

ಗುರುವಾರ ಬೆಳಿಗ್ಗೆ ಕಚೇರಿಯಲ್ಲಿ ಒಬ್ಬರು ಫೋನು ಮಾಡಿ ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಕೂಗಾಡಿದರು. ನಾನು ಎಂದಿನ ಉಪನ್ಯಾಸ ಕೊಟ್ಟೆ. "ಸ್ವಾಮಿ, ನಲ್ಲಿ ಮುಚ್ಚಿದಾಗ ಪ್ರೆಷರ್ ಸರಿಯಾಗಿದೆ, ತೆರೆದ ಕೂಡಲೇ ಬಿದ್ದುಹೋಗುತ್ತೆ ಅಂದ್ರೆ ತಪ್ಪು ನಮ್ಮದಲ್ಲ, ನಿಮ್ಮ ಪೈಪಿನದು. ಸಣ್ಣ ಪೈಪು ಹಾಕ್ಕೊಂಡು ದೊಡ್ಡ ಬಕೆಟ್ ಹಿಡಿದ್ರೆ ಹೇಗೆ? ಸ್ವಲ್ಪ ತಲೆ ಉಪಯೋಗಿಸಿ!" ಫೋನಿಟ್ಟು, ಪಕ್ಕದ ಮೇಜಿನವರಿಂದ ವೋಲ್ಟು ಅಳೆಯುವ ಮೀಟರು ಕೇಳಿ ತೆಗೆದುಕೊಂಡು ಮನೆಗೆ ಬಂದೆ. ಆಂಪ್ಲಿಫೈಯರಿನ ಬಾಯಿಗೆ ಹಿಡಿದು ನೋಡಿದೆ. ಹನ್ನೆರಡು ವೋಲ್ಟು! ಇರಬೇಕಾದದ್ದೂ ಹನ್ನೆರಡು! ಹೆಂಡತಿಯನ್ನು ಕರೆದು ತೋರಿಸಿದೆ.

"ನೋಡು! ನನ್ನ ಕೆಲಸದಲ್ಲಿ ಒಂದು ಕೂದಲಷ್ಟೂ ಕೊಂಕಿಲ್ಲ."

"ಹಾಗಾದ್ರೆ ಯಾಕೆ ನಿಲ್ಲುತ್ತೆ?"

ನಾನು ದನಿ ತಗ್ಗಿಸಿದೆ. "ನನಗನ್ನಿಸೋದು... ಅವರಿಗೇ ಹೇಳೋಕೆ ಇಷ್ಟ ಇಲ್ಲ."

"ಯಾರಿಗೆ?"

"ಮಾವನಿಗೆ."

ಅವಳು ನನ್ನನ್ನೇ ನೋಡಿದಳು. "ವೈರು ಸರಿಯಿಲ್ಲ ಅಂತ ಒಪ್ಪಿಕೊಳ್ಳೋ ಬದಲು ನಮ್ಮಪ್ಪನ್ನೇ ದೆವ್ವ ಮಾಡ್ತೀರಾ?"

ನಾಚಿಕೆ ಬಿಟ್ಟು ಹೇಳುತ್ತೇನೆ, ಅದೇ ನಿಜ. ನನ್ನ ಕೈಕೆಲಸದಲ್ಲಿ ದೋಷವಿದೆ ಎಂದು ಒಪ್ಪುವುದಕ್ಕಿಂತ ನನ್ನ ಮಾವ ದೆವ್ವವಾಗಿದ್ದಾರೆ ಎಂದು ನಂಬುವುದು ನನಗೆ ಸುಲಭವಾಗಿತ್ತು. ದೆವ್ವವಾದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ!

"ಬಸ್ ಸ್ಟಾಪಿನ ಪಕ್ಕ ಕಾರಿನ ಕರೆಂಟ್ ಕೆಲಸ ಮಾಡೋ ಮೀಟರಕ್ಕ ಇದ್ದಾರಲ್ಲ, ಅವರನ್ನ ಕರೆಯೋಣ," ಎಂದಳು.

"ನಾನಿರೋವಾಗ ಮೀಟರಕ್ಕ ಯಾಕೆ? ಮೀಟರು ನನ್ನ ಕೈಲೇ ಇದೆ!"

ಶುಕ್ರವಾರ ಮಾವನ ದನಿಯೇ ಬದಲಾಯಿತು. ದಪ್ಪಗಾಗಿತ್ತು, ಎಳೆದೆಳೆದು ಬರುತ್ತಿತ್ತು. "ಹಿಂ...ದೆ ನಿಂ...ತಿ...ರೋ...ರು..." ಬಾವಿಯ ತಳದಿಂದ ಕೂಗಿದ ಹಾಗೆ. ಹೊಲಿಗೆ ಯಂತ್ರಕ್ಕೆ ಸುತ್ತಿಗೆ ಬಿದ್ದಾಗಲೇ ಕೆಂಪು ದೀಪ ಹತ್ತಿತು. ಅಳಿಯನ ಸರದಿ ಬರಲೇ ಇಲ್ಲ.

ಅತ್ತೆ ಬಹಳ ಹೊತ್ತು ಕೆಳಗಿಳಿಯಲಿಲ್ಲ. ನಾನು ಬಾಗಿಲ ಬಳಿ ಬಗ್ಗಿ, "ಅತ್ತೇ, ಚಳಿ ಇದೆ, ಒಳಗೆ ಬನ್ನಿ," ಎಂದೆ.

"ದಿನಾ ಸ್ವಲ್ಪ ಸ್ವಲ್ಪ ದೂರ ಹೋಗ್ತಾ ಇದ್ದಾರೆ ಅಳಿಯಂದ್ರೇ," ಎಂದರು ಅವರು, ಗಾಜಿನಾಚೆ ನೋಡುತ್ತಾ. "ಆಸ್ಪತ್ರೇಲೂ ಹೀಗೇ ಆಗಿತ್ತು. ಮೊದಲು ಮಾತು ಕಮ್ಮಿಯಾಯ್ತು, ಆಮೇಲೆ ದನಿ ದಪ್ಪ ಆಯ್ತು. ಆಮೇಲೆ..."

ನನಗೆ ಆ ಕ್ಷಣದಲ್ಲಿ ಕೊಡೆ, ಎರಡೂವರೆ ಲೋಟ ಎಲ್ಲ ಮರೆತುಹೋಯಿತು. ಆ ಮನುಷ್ಯ ಈ ಲೋಕದಲ್ಲಿ ಬಿಟ್ಟುಹೋದ ದನಿ ಅದೊಂದೇ, ಆ ಪೆಟ್ಟಿಗೆಯೊಳಗಿನ, ಅರ್ಧ ಬೆರಳಿನಗಲವೂ ಇಲ್ಲದ ಒಂದು ಪಟ್ಟಿ. ಅದನ್ನು ನಾನು ದಿನಾ ಸಂಜೆ ಇಷ್ಟಿಷ್ಟೇ ಸಾಯಿಸುತ್ತಿದ್ದೆನೋ ಏನೋ ಎಂದು ಭಯವಾಯಿತು. ದೆವ್ವ ಎಂದುಕೊಂಡಾಗಲೂ ಅಂಥ ಭಯ ಆಗಿರಲಿಲ್ಲ.

ಆದರೂ ಜಂಬ ಎಲ್ಲಿ ಬಿಡುತ್ತದೆ! ಶನಿವಾರ ಇನ್ನೊಂದು ಸಲ ನೋಡೋಣವೆಂದೆ. ದೀಪ ಮಿಣುಕಿತು. ಮಾವ ಕೆಮ್ಮಿದರು. ಆ ಕೆಮ್ಮೇ ಎಳೆದು ಎಳೆದು, ಗುರ್ರ್ ಎಂದು ಒಂದು ಉದ್ದನೆಯ ಗೊರಗುಟ್ಟುವಿಕೆಯಾಗಿ ಕರಗಿಹೋಯಿತು. ಸೀಟಿನ ಕೆಳಗಿನಿಂದ ಸುಟ್ಟ ವಾಸನೆ ಬಂತು. ಪ್ಲೇಯರಿನೊಳಗೆ ಏನೋ ಕರಕರ ಅಗಿಯುವ ಸದ್ದು! ನಾನು ಹಾರಿ ಬ್ಯಾಟರಿಯ ವೈರು ಕಿತ್ತೆ.

"ಟೇಪು ತಿಂತಾ ಇದೆ!" ಎಂದು ಹೆಂಡತಿ ಕಿರುಚಿದಳು. ಅತ್ತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಹೆಂಡತಿ ನನ್ನನ್ನು ಕೇಳಲಿಲ್ಲ. ಅಲ್ಲೇ ನಿಂತು ಫೋನು ಮಾಡಿದಳು. ನಾನು ಅತ್ತೆಯನ್ನು ಕೈಹಿಡಿದು ಒಳಗೆ ಕರೆತಂದು, ಮರ್ಯಾದೆಯ ಕೊನೇ ಚೂರನ್ನಾದರೂ ಉಳಿಸಿಕೊಳ್ಳೋಣವೆಂದು, "ಹೆದರಬೇಡಿ ಅತ್ತೇ, ಒಬ್ಬರನ್ನ ಕರೆಸ್ತಾ ಇದ್ದೀನಿ," ಎಂದೆ.

ಭಾನುವಾರ ಬೆಳಿಗ್ಗೆ ಮೀಟರಕ್ಕ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಕೊರಳಲ್ಲಿ ದಾರ ಕಟ್ಟಿದ ಮೀಟರು, ಕಂಕುಳಲ್ಲಿ ಚಾರ್ಜ್ ಮಾಡಿದ ಬ್ಯಾಟರಿ. ಮೊದಲು ಪ್ಲೇಯರಿನ ಮುಖ ಬಿಚ್ಚಿ ಟಾರ್ಚು ಬಿಟ್ಟು ನೋಡಿದರು. ಟೇಪಿನ ಒಂದು ಕುಣಿಕೆ ರಬ್ಬರಿನ ಉರುಳೆಗೆ ಸುತ್ತಿಕೊಂಡಿತ್ತು.

"ಹರಿದಿಲ್ಲ. ಎಳೆದ್ರೆ ಹರಿಯುತ್ತೆ. ನನ್ನ ಇಕ್ಕಳ ಇದಕ್ಕೆ ದಪ್ಪ."

ಹೆಂಡತಿ ಓಡಿಹೋಗಿ ಲ್ಯಾಬಿನ ಕೈಚೀಲ ತಂದಳು. ಅದರಿಂದ ಕೊಕ್ಕೆಯ ತುದಿಯ ಕಡ್ಡಿ, ಸಪೂರ ಚಿಮಟ ಹೊರಬಂದವು. ಹಲ್ಲಿನ ಸಂದಿಯಲ್ಲಿ ಆಡುವ ಕೈ ಅದು! ಇಬ್ಬರೂ ಕಾರಿನೊಳಗೆ ಭುಜಕ್ಕೆ ಭುಜ ತಾಗಿಸಿ ಬಗ್ಗಿದರು. "ಸ್ವಲ್ಪ ಎಡಕ್ಕೆ." "ಸಿಕ್ತು." "ಮೆಲ್ಲಗೆ... ಮೆಲ್ಲಗೆ..." ನನಗೆ ಟಾರ್ಚು ಹಿಡಿಯುವ ಜವಾಬ್ದಾರಿ ಬಂತು. ಎರಡು ಸಲ ಅದನ್ನೂ ಸರಿಯಾಗಿ ಹಿಡಿಯಿರಿ ಎನ್ನಿಸಿಕೊಂಡೆ. ಅತ್ತೆ ಶಟರಿನ ಪಕ್ಕ ಕುರ್ಚಿ ಹಾಕಿಕೊಂಡು ಆಪರೇಷನ್ ಕೋಣೆಯ ಹೊರಗೆ ಕೂತವರ ಹಾಗೆ ಕೂತಿದ್ದರು. ಮುಕ್ಕಾಲು ಗಂಟೆಯ ಮೇಲೆ ಕುಣಿಕೆ ಬಿಚ್ಚಿಕೊಂಡು ಟೇಪು ಸುಕ್ಕುಸುಕ್ಕಾಗಿ, ಆದರೆ ಇಡಿಯಾಗಿ, ಒಳಗೆ ಸರಿಯಿತು. ನಾನು ಕಣ್ಣೊರೆಸಿಕೊಂಡದ್ದು ಬೆವರಿಗೆ ಎಂದು ಹೇಳಿದೆ.

"ಈಗ ವೈರು ನೋಡೋಣ," ಎಂದು ಮೀಟರಕ್ಕ ಸೀಟಿನ ಕೆಳಗೆ ತೂರಿದರು. ಒಳಗಿಂದ ಪ್ರಶ್ನೆ ಬಂತು. "ಇದನ್ನ ಯಾರು ಮಾಡಿದ್ದು?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವರಿಬ್ಬರೂ ನನ್ನ ಮುಖ ನೋಡಿದರು ಎನ್ನುವುದು ಹೆಚ್ಚು ಸರಿ.

"ಆದರೆ ಅಕ್ಕ, ನಾನು ಅಳೆದೆ! ಸರಿಯಾಗಿ ಹನ್ನೆರಡು ಇತ್ತು!"

"ಹಾಡು ಹಾಕಿ ಅಳೆದ್ರಾ, ನಿಲ್ಲಿಸಿ ಅಳೆದ್ರಾ ಸಾರ್?"

"ನಿಲ್ಲಿಸಿ... ಮೀಟರು ಹಿಡಿಯೋಕೆ ಗಲಾಟೆ ಯಾಕೆ ಅಂತ..."

"ಸುಮ್ಮನೆ ಕೂತಾಗ ಅಳೆದ್ರೆ ಎಲ್ಲರೂ ಹನ್ನೆರಡೇ ಸಾರ್. ಕೆಲಸ ಹೇಳಿದಾಗ ಎಷ್ಟು ಉಳೀತಾರೆ ಅಂತ ನೋಡಬೇಕು."

"ಬರೆದಿಟ್ಟುಕೊಳ್ಳೋ ಮಾತು," ಎಂದಳು ಹೆಂಡತಿ, ನನ್ನ ಕಡೆ ತಿರುಗದೆಯೇ.

ಮೀಟರಕ್ಕ ಕ್ಯಾಸೆಟ್ಟಿಗೆ ಕೈ ಹಚ್ಚಲಿಲ್ಲ. ತಾವು ತಂದ ಬ್ಯಾಟರಿ ಜೋಡಿಸಿ, ಪ್ಲೇಯರಿನ ರೇಡಿಯೋ ಹಾಕಿ, ನನ್ನ ಹಳೇ ವೈರಿನ ಮೇಲೆಯೇ ಮೀಟರಿಟ್ಟು ತೋರಿಸಿದರು. ಯಾವುದೋ ಡೋಲಿನ ಏಟು ಬಿದ್ದದ್ದೇ ತಡ, ಮುಳ್ಳು ಹನ್ನೆರಡರಿಂದ ಹತ್ತಕ್ಕೆ ಬಿತ್ತು, ಇನ್ನೊಂದು ಏಟಿಗೆ ಒಂಬತ್ತೂವರೆ, ಟಪ್ಪೆಂದು ಕೆಂಪು ದೀಪ. "ದೊಡ್ಡ ಸದ್ದು ಬೇಕು ಅಂದ್ರೆ ಆಂಪ್ಲಿಫೈಯರ್ ಒಂದೇ ಉಸಿರಿಗೆ ಜಾಸ್ತಿ ಕರೆಂಟ್ ಎಳೆಯುತ್ತೆ. ಸಪೂರ ವೈರು, ಬಣ್ಣದ ಮೇಲೆ ಸುತ್ತಿದ ಅರ್ತಿಂಗ್. ಎರಡು ಮೂರು ವೋಲ್ಟು ದಾರೀಲೇ ಸೋರಿಹೋಗುತ್ತೆ. ವೋಲ್ಟೇಜು ಬಿದ್ರೆ ಅದು ಇನ್ನೂ ಜಾಸ್ತಿ ಎಳೆಯುತ್ತೆ, ಇನ್ನೂ ಬೀಳುತ್ತೆ. ಕೊನೆಗೆ ಸುಟ್ಟುಹೋಗಬಾರದು ಅಂತ ತಾನೇ ಬಾಯಿ ಮುಚ್ಚಿಕೊಳ್ಳುತ್ತೆ. ಕಾರು ಓಡಿಸದೆ ದಿನಾ ಕೂತು ಕೇಳಿದ್ರೆ ಬ್ಯಾಟರೀನೂ ಇಳೀತು. ಟೇಪಿನ ಮೋಟಾರೂ ನಿಧಾನ ಆಯ್ತು. ನರಳೋ ಸದ್ದು ಬರ್ತಿತ್ತಾ? ಅದೂ ಅರ್ತಿಂಗೇ."

ಸುತ್ತಿಗೆ ಏಟೇಟಿಗೂ ಜೋರಾಗುತ್ತಿದ್ದದ್ದರಿಂದ ಮೊದಲೆರಡು ದಿನ ಅದೇ ಜಾಗದಲ್ಲಿ ನಿಂತಿತ್ತು. ಬ್ಯಾಟರಿ ಇಳಿದಂತೆ ಮಾವ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದರು. ದೆವ್ವವೂ ಇಲ್ಲ, ಮುನಿಸೂ ಇಲ್ಲ!

"ರೀ," ಎಂದಳು ಹೆಂಡತಿ, "ನಲ್ಲಿ ಮುಚ್ಚಿದಾಗ ಪ್ರೆಷರ್ ಇದೆ, ತೆರೆದ್ರೆ ಬೀಳುತ್ತೆ ಅನ್ನೋರಿಗೆ ನೀವು ದಿನಾ ಫೋನಲ್ಲಿ ಏನು ಹೇಳ್ತೀರಿ?"

ನನಗೆ ಟಾರ್ಚಿನ ಬ್ಯಾಟರಿ ಪರೀಕ್ಷಿಸುವ ತುರ್ತು ಕೆಲಸ ನೆನಪಾಯಿತು.

ಕಿರುಬೆರಳಿನ ದಪ್ಪದ ವೈರು ಬಂತು. ಬೋಲ್ಟಿನ ಬಣ್ಣ ಕೆರೆದು ಲೋಹ ಹೊಳೆಯಿತು. ನನ್ನ ನಾಲ್ಕು ಸ್ಕ್ರೂಗಳನ್ನು ಕತ್ತರಿಸಿಯೇ ತೆಗೆಯಬೇಕಾಯಿತು. ಸಂಜೆ ನಾಲ್ಕೂವರೆಗೆ ಅತ್ತೆ ಮುಂದಿನ ಸೀಟಿನಲ್ಲಿ, ನಾನೂ ಹೆಂಡತಿಯೂ ಹಿಂದೆ ಕೂತೆವು. ಮೀಟರಕ್ಕ ಹೊರಗೆ ನಿಂತು ಸ್ವಿಚ್ಚು ಹಾಕಿದರು. ಮಾಡಿನ ದೀಪ ಅಲುಗಾಡದೆ ಉರಿಯುತ್ತಿತ್ತು.

ಮಾವ ಕೆಮ್ಮಿದರು. ಹತ್ತಿರದಲ್ಲೇ, ಅಷ್ಟು ಸ್ಪಷ್ಟವಾಗಿ ಕೆಮ್ಮಿದರೆಂದರೆ ನಾನು ಅರಿವಿಲ್ಲದೆ ಸ್ವಲ್ಪ ಸರಿದು ಕೂತು ಜಾಗ ಬಿಟ್ಟೆ. ಸುಕ್ಕಾದ ಕಡೆ ದನಿ ಒಮ್ಮೆ ನಡುಗಿ ಮತ್ತೆ ಎದ್ದಿತು. ಕೊಡೆ ಹೋಯಿತು. ಹೊಲಿಗೆ ಯಂತ್ರ ಹೋಯಿತು. ಅಳಿಯ ಬಂದ.

"ಎರಡೂವರೆ ಲೋಟ ಚಹಾ ಒಂದು ಸಲ!" ದೀಪ ಕುಗ್ಗಲಿಲ್ಲ. "ಎರಡು ಸಲ!" ಹೆಂಡತಿ ನನ್ನ ತೋಳು ಹಿಡಿದಳು.

"ಮೂರು ಸಲ!" ಧಡ್! ಕಿಟಕಿಯ ಗಾಜು ನಡುಗಿತು. "ಕೊಟ್ಟಾಯ್ತು!"

ಆಮೇಲೆ ಒಂದು ಹೆಣ್ಣುದನಿ ನಕ್ಕಿತು. ಆ ದನಿ ಅತ್ತೆಯದು! ಆದರೆ ಮುಂದಿನ ಸೀಟಿನ ಅತ್ತೆ ತುಟಿ ಬಿಗಿದು ಕೂತಿದ್ದರು.

"ಎರಡೂವರೆ ಜಾಸ್ತಿ ಆಯ್ತು ರೀ," ಎಂದಿತು ಸ್ಪೀಕರಿನೊಳಗಿನ ಅತ್ತೆ. "ನಾನು ಸುಮ್ಮನೆ ಕೂಗಿದ್ದು. ಎರಡಕ್ಕೆ ಕೊಡಿ."

"ಕೂಗಿದ ಮೇಲೆ ಮುಗೀತು. ವಾಪಸ್ ಇಲ್ಲ," ಎಂದರು ಮಾವ. ಸ್ವಲ್ಪ ತಡೆದು, ಹರಾಜಿನ ದನಿ ಬಿಟ್ಟು, ಮನೆಯ ದನಿಯಲ್ಲಿ ಸೇರಿಸಿದರು. "ಇಟ್ಕೊಳ್ಳೇ. ನಾನಿಲ್ಲದ ಕಾಲಕ್ಕೆ ಉಪಯೋಗಕ್ಕೆ ಬರ್ತಾನೆ."

ಟೇಪು ಕಟಕ್ಕೆಂದು ಮುಗಿಯಿತು.

ನಾನೇ ಮೊದಲು ಕೇಳಿದೆ.

"ಅತ್ತೇ, ನೀವೂ ಇದ್ರಾ ಅವತ್ತು? ಮುಂದೇನು ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಊಟ ತಗೊಂಡು ಹೋಗಿದ್ದೆ. ಎಲ್ಲಾ ನೆನಪಿದೆ. ಮಾತು ಮರೆತಿರಲಿಲ್ಲ ಅಳಿಯಂದ್ರೇ, ದನಿ ಬೇಕಿತ್ತು," ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸುತ್ತಾ. ಆಮೇಲೆ ಸೀಟಿಗೆ ತಲೆಯಾನಿಸಿ, ಒಂದೂವರೆ ವರ್ಷದಲ್ಲಿ ನಾವು ಕಾಣದಿದ್ದ ನಗು ನಕ್ಕರು.

ಆ ನಗು ಕಂಡದ್ದೇ ನನ್ನ ಎದೆ ಮತ್ತೆ ಉಬ್ಬಿಬಿಟ್ಟಿತು. ಎಷ್ಟಾದರೂ ಉಪಯೋಗಕ್ಕೆ ಬರುತ್ತಾನೆ ಎಂದು ಸಾಕ್ಷಾತ್ ಮಾವನೇ ಹೇಳಿಹೋಗಿದ್ದಾರೆ! ಮುಂದಕ್ಕೆ ಬಾಗಿ ಕೇಳಿದೆ, "ಹಾಗಾದ್ರೆ ಅತ್ತೇ, ಮಾವ ಹೇಳಿದ ಹಾಗೇ ಉಪಯೋಗಕ್ಕೆ ಬಂದೆನಲ್ಲ?"

ಅತ್ತೆ ಕಿಟಕಿಯಾಚೆ ವೈರು ಸುತ್ತಿಡುತ್ತಿದ್ದ ಮೀಟರಕ್ಕನನ್ನು ನೋಡಿ, ಪ್ರೀತಿಯಿಂದಲೇ ಹೇಳಿದರು, "ಬಂದ್ರಿ ಅಳಿಯಂದ್ರೇ. ಇವರನ್ನ ಕರೆಸಿದ್ರಲ್ಲ, ಅಷ್ಟು ಸಾಕು."

"ಅದೂ ನಾನೇ ಅಮ್ಮಾ ಕರೆಸಿದ್ದು," ಎಂದಳು ನನ್ನ ಹೆಂಡತಿ.